ಯಾರ ಸಂಬಳವೂ ಇಳಿಯಲಿಲ್ಲ, ಸರಾಸರಿ ಮಾತ್ರ ಬಿತ್ತು

ಹತ್ತು ವರ್ಷದಲ್ಲಿ ಕುಟುಂಬಗಳ ಸರಾಸರಿ ಆದಾಯ ಇಷ್ಟು ಏರಿತು, ಇಷ್ಟು ಇಳಿಯಿತು ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ: ಆಗಿದ್ದ ಕುಟುಂಬಗಳೇನಾ ಈಗಲೂ ಇರೋದು? (ಬೆಲೆಯೇರಿಕೆ ಕಳೆದು ನೋಡಬೇಕು ಅನ್ನೋದು ಹೇಗೂ ಗೊತ್ತಿದ್ದದ್ದೇ.)

ನಾಲ್ಕು ಜನರ ಒಂದು ಮನೆ. ಅಪ್ಪನ ದುಡಿಮೆ 60, ಮಗನದು 40. ಒಟ್ಟು 100. ಮಗ ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ ಮಾಡಿದ. ಈಗ ಮನೆಗಳು ಎರಡು, ಮನೆಯೊಂದರ ಸರಾಸರಿ ಆದಾಯ 50. ಯಾರಿಗೂ ಒಂದು ಕಾಸೂ ಕಡಿಮೆಯಾಗಿಲ್ಲ! ಹಾಗಂತ ನಷ್ಟವೇ ಇಲ್ಲ ಅನ್ನೋ ಹಾಗೂ ಇಲ್ಲ. ಒಂದೇ ಸೂರು, ಒಂದೇ ಒಲೆಯಲ್ಲಿ ಆಗುತ್ತಿದ್ದ ಉಳಿತಾಯ ಹೋಯಿತಲ್ಲ. ಅದನ್ನು ಲೆಕ್ಕಕ್ಕೆ ತರಲು ಆದಾಯವನ್ನು ಮನೆಮಂದಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ರೂಢಿಯಿದೆ. ಮೊದಲು ಆ ಲೆಕ್ಕ 50 ಇತ್ತು. ಈಗ ಒಂದು ಮನೆಗೆ ಸುಮಾರು 42, ಇನ್ನೊಂದಕ್ಕೆ 28, ಸರಾಸರಿ 35. ಇಳಿಕೆ ಅರ್ಧಕ್ಕರ್ಧ ಅಲ್ಲ, ನೂರಕ್ಕೆ ಮೂವತ್ತರ ಹತ್ತಿರ.

ಗುಂಪುಗಳ ಲೆಕ್ಕ ಇದಕ್ಕಿಂತ ಮಜವಾಗಿದೆ. ಯುವ ಕುಟುಂಬಗಳ ಸರಾಸರಿ 40, ಹಿರಿಯರದು 80, ಎರಡೂ ಸಮಪಾಲು ಅನ್ನೋಣ. ಒಟ್ಟು ಸರಾಸರಿ 60. ಕೆಲವು ವರ್ಷಗಳಲ್ಲಿ ಎರಡೂ ಗುಂಪಿನ ಆದಾಯ ನೂರಕ್ಕೆ ಹತ್ತು ಏರಿತು: 44 ಮತ್ತು 88. ಆದರೆ ಅಷ್ಟರಲ್ಲಿ ಹತ್ತು ಮನೆಗಳಲ್ಲಿ ಎಂಟು ಯುವಕರದಾಗಿವೆ. ಒಟ್ಟು ಸರಾಸರಿ ಈಗ 52.8! ಶಾಲೆಗೆ ಒಂದನೇ ತರಗತಿಯ ಮಕ್ಕಳು ಜಾಸ್ತಿ ಸೇರಿದರೆ ಇಡೀ ಶಾಲೆಯ ಸರಾಸರಿ ಎತ್ತರ ಇಳಿಯುತ್ತದೆ. ಯಾವ ಮಗುವೂ ಕುಳ್ಳಾಗಿರುವುದಿಲ್ಲ. ಹಾಲಿಗೆ ನೀರು ಬೆರೆಸಿದ ಹಾಗೆ ಅಂತಲೂ ಅನ್ನಬಹುದು, ಹಾಲೇನೂ ಕೆಟ್ಟಿಲ್ಲ. ಹಳೆಯ ಪಾಲನ್ನೇ, ಅಂದರೆ ಅರ್ಧ ಅರ್ಧವನ್ನೇ ಇಟ್ಟುಕೊಂಡು ಹೊಸ ಆದಾಯ ಹಾಕಿ ನೋಡಿ, 66 ಬರುತ್ತದೆ. ಏರಿಕೆ ಅಲ್ಲಿ ಅಡಗಿತ್ತು. ಈ ಬಗೆಯ ಮೋಸವನ್ನು ಸಂಖ್ಯಾಶಾಸ್ತ್ರಜ್ಞ ಯೂಲ್ 1903ರಲ್ಲೇ ತೋರಿಸಿದ್ದರು. 1951ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸಿಂಪ್ಸನ್ ಮತ್ತೆ ಬರೆದರು, 'ಸಿಂಪ್ಸನ್ ವಿರೋಧಾಭಾಸ' ಅಂತ ಹೆಸರು ಅವರ ಪಾಲಾಯಿತು. ಪಾಪ ಯೂಲ್!

ಆದಾಯದಲ್ಲಿ ಎಲ್ಲರಿಗಿಂತ ಹಿಂದಿರುವ 'ಕೆಳಗಿನ ಐದನೇ ಒಂದು ಭಾಗ'ದ ಮನೆಗಳು ಅನ್ನೋದೂ ಹಾಗೇ. ಬಸ್ಸಿನ ಕೊನೇ ಸೀಟು ಯಾವಾಗಲೂ ತುಂಬಿರುತ್ತದೆ, ಕೂತವರು ಬೇರೆ ಬೇರೆ.

ಸರಾಸರಿಯ ಮೇಲೆ ನನಗಿರುವ ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ. 1971ರಲ್ಲಿ ಡಚ್ ಅರ್ಥಶಾಸ್ತ್ರಜ್ಞ ಯಾನ್ ಪೆನ್ ಒಂದು ಮೆರವಣಿಗೆ ಕಲ್ಪಿಸಿದರು. ಆದಾಯವೇ ಎತ್ತರ, ಕುಳ್ಳರು ಮೊದಲು, ಎಲ್ಲರೂ ಒಂದು ಗಂಟೆಯೊಳಗೆ ಹಾದು ಹೋಗಬೇಕು. ಅರ್ಧ ಗಂಟೆಯಾದರೂ ಕುಳ್ಳರೇ ಬರುತ್ತಿರುತ್ತಾರೆ. ಸರಾಸರಿ ಎತ್ತರದವರು ಕಾಣಿಸುವುದು ಸುಮಾರು 48ನೇ ನಿಮಿಷಕ್ಕೆ. ಕೊನೆಯ ಕ್ಷಣಗಳಲ್ಲಿ ಬರುವವರ ತಲೆ ಮೋಡದಲ್ಲಿರುತ್ತದೆ.

ಆದ್ದರಿಂದ ಇಡೀ ಮೆರವಣಿಗೆಯನ್ನೇ ಹೋಲಿಸಬೇಕು. ಪ್ರತಿ ಆದಾಯದ ಮಟ್ಟದಲ್ಲೂ ಅದಕ್ಕಿಂತ ಕೆಳಗೆ ನೂರಕ್ಕೆ ಎಷ್ಟು ಮನೆಗಳಿವೆ ಅಂತ ಗೆರೆ ಎಳೆಯಿರಿ, ಎರಡೂ ವರ್ಷಕ್ಕೆ. ಎರಡು ಗೆರೆಗಳ ನಡುವಿನ ಅತಿ ದೊಡ್ಡ ಅಂತರ ಸುಮ್ನೆ ಅದೃಷ್ಟದಿಂದ ಬಂದದ್ದಾ? ಪ್ರತಿ ಮನೆಗೂ ಅದು ಯಾವ ವರ್ಷದ್ದು ಅಂತ ಬರೆದ ಚೀಟಿ ಇದೆ ಅನ್ನಿ; ಆ ಚೀಟಿಗಳನ್ನು ಕಲಸಿ ಮನೆಗಳಿಗೆ ಮತ್ತೆ ಹಂಚಿ, ಅಂತರ ಅಳೆಯಿರಿ. ಸಾವಿರ ಸಲ ಕಲಸಿದರೂ ಅಷ್ಟು ದೊಡ್ಡ ಅಂತರ ಬರುವುದು ಅಪರೂಪವಾದರೆ, ಬದಲಾವಣೆ ನಿಜವೆನ್ನಲು ಒಳ್ಳೆಯ ಆಧಾರ ಸಿಕ್ಕಿತು. ಒಂದು ಗೆರೆ ಉದ್ದಕ್ಕೂ ಕೆಳಗೇ ಇದ್ದರೆ, ಬಡತನದ ರೇಖೆ ಎಲ್ಲಿ ಎಳೆದರೂ ಆ ವರ್ಷದಲ್ಲಿ ಬಡವರ ಪಾಲು ಕಡಿಮೆ. ಗೆರೆಗಳು ನಡುವೆ ಒಂದನ್ನೊಂದು ದಾಟಿದರೋ, ರೇಖೆಯನ್ನು ತಮಗೆ ಬೇಕಾದ ಕಡೆ ಎಳೆದು, ಬಡತನ ಇಳಿಯಿತು ಅನ್ನುವವರು, ಏರಿತು ಅನ್ನುವವರು ಇಬ್ಬರೂ ಗೆಲ್ಲಬಹುದು.