ವಾರ್ಡಿನಿಂದ ವಿಧಾನಸೌಧಕ್ಕೆ: ನಡುವಿನ ಮೆಟ್ಟಿಲು ಎಲ್ಲಿ ಹೋದವು?

ವಿಧಾನಸಭೆ ಟಿಕೆಟ್ ಹಂಚಿಕೆ ಹೊತ್ತಿಗೆ ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಒಂದು ತಕರಾರು ತಪ್ಪದೆ ಎದ್ದೇಳುತ್ತದೆ. ಹದಿನೈದು ವರ್ಷ ಗಟಾರು, ನಳ, ಬೀದಿದೀಪ ಅಂತ ಓಡಾಡಿದ ಮೆಂಬರ್‌ಗೆ ಟಿಕೆಟ್ ಯಾಕಿಲ್ಲ? ಇದಕ್ಕೆ ಅರ್ಧ ಉತ್ತರ ಪಕ್ಷದ ಕಚೇರಿಯಲ್ಲಿದೆ. ಉಳಿದರ್ಧ ನಿಯಮಗಳಲ್ಲಿದೆ, ಅದನ್ನು ಓದುವವರು ಕಡಿಮೆ.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಕೂಡಿ ಒಂದೇ ಪಾಲಿಕೆಯಾಯಿತು. ಜನಸಂಘದ ಎಸ್.ಎಸ್. ಶೆಟ್ಟರ್ ಅಲ್ಲಿ ಮೇಯರ್ ಆದರು, ಅವರ ಮಗ ಜಗದೀಶ ಶೆಟ್ಟರ್ 1994ರಲ್ಲಿ ಶಾಸಕರಾಗಿ 2012ರಲ್ಲಿ ಮುಖ್ಯಮಂತ್ರಿಯೂ ಆದರು.

ಇನ್ನು ವಾರ್ಡು. 2011ರ ಜನಗಣತಿ ಪ್ರಕಾರ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಪಾಲಿಕೆ ವಾರ್ಡುಗಳು 67 ಇದ್ದದ್ದು 82 ಆದವು. ಅಂದರೆ ವಾರ್ಡಿಗೆ ಸರಾಸರಿ ಹನ್ನೊಂದೂವರೆ ಸಾವಿರ ಜನ. ವಿಧಾನಸಭಾ ಕ್ಷೇತ್ರ ಅದರ ಹತ್ತಾರು ಪಟ್ಟು ದೊಡ್ಡದು. ಒಂದು ವಾರ್ಡಿನ ಹೆಸರು ಕ್ಷೇತ್ರವಿಡೀ ಹಬ್ಬಬೇಕಾದರೆ ಮೇಯರ್ ಆಗಬೇಕು. ಆದರೆ ಮೇಯರ್ ಅವಧಿ ಒಂದೇ ವರ್ಷ, ಅದೂ ಆ ವರ್ಷದ ಮೀಸಲಾತಿ ತನ್ನ ವರ್ಗಕ್ಕೆ ಬಂದರೆ ಮಾತ್ರ. ಕ್ರಿಯಾಯೋಜನೆ, ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ ಇಷ್ಟು ಮುಗಿಯುವ ಹೊತ್ತಿಗೆ ಗೌನು ಇನ್ನೊಬ್ಬರ ಮೈಮೇಲೆ ಇರುತ್ತದೆ. ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿಯೂ ಬದಲಾಗಿ, ಮೆಂಬರ್ ಪಕ್ಕದ ವಾರ್ಡು ಹುಡುಕಬೇಕು, ಇಲ್ಲವೇ ಮನೆಯಾಕೆಯನ್ನು ನಿಲ್ಲಿಸಬೇಕು. ಶಾಸಕರಿಗಾದರೆ ಐದು ವರ್ಷ ಅದೇ ಕ್ಷೇತ್ರ, ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ, ಜತೆಗೆ ಮೇಯರ್ ಆಯ್ಕೆಯಲ್ಲಿ ಒಂದು ಮತ.

ಪಾಲಿಕೆಯೇ ಇಲ್ಲದ ಕಾಲವೂ ಉಂಟು. ಹಿಂದಿನ ಸದಸ್ಯರ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಮತದಾನ 2021ರ ಸೆಪ್ಟೆಂಬರ್ 3ಕ್ಕೆ, ಮೇಯರ್ ಆಯ್ಕೆ 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಮೇಲೆ ಅಧಿಕಾರಿಗಳದ್ದೇ ಕಾರುಬಾರು. ಗೆದ್ದವರೂ ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರಮಾಣಪತ್ರ ಹಿಡಿದು ಕುಂತಿದ್ದರು.

ಸ್ಥಳೀಯ ಸಂಸ್ಥೆಗಳಿಗೆಂದೇ ಸಂವಿಧಾನ ಇಟ್ಟ ಇನ್ನೊಂದು ಬಾಗಿಲು ವಿಧಾನ ಪರಿಷತ್ತು. 75 ಸ್ಥಾನಗಳ ಪೈಕಿ 25 ಸ್ಥಳೀಯ ಸಂಸ್ಥೆಗಳ ಪಾಲಿಗೆ. ಧಾರವಾಡ, ಗದಗ, ಹಾವೇರಿ ಸೇರಿ ಒಂದೇ ಕ್ಷೇತ್ರ, ಸ್ಥಾನ ಎರಡು. ಗ್ರಾಮ ಪಂಚಾಯಿತಿಯಿಂದ ಪಾಲಿಕೆವರೆಗಿನ ಚುನಾಯಿತ ಸದಸ್ಯರು ಇಲ್ಲಿ ಮತದಾರರು, ಅವರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿಯವರು. ಪಾಲಿಕೆಯ 82 ಮತ ಆ ರಾಶಿಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ.

ಇಲ್ಲಿ ಗುಂಡಿ ಒತ್ತುವುದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. 1 ಕಡ್ಡಾಯ, ಉಳಿದದ್ದು ಐಚ್ಛಿಕ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ, ಇಬ್ಬರಿಗೆ 1 ಕೊಟ್ಟರೆ, ಕಿಸೆಯ ಪೆನ್ನು ಬಳಸಿದರೆ ಮತ ಅಸಿಂಧು. ಎರಡು ಸ್ಥಾನವಿದ್ದಲ್ಲಿ ಸಿಂಧು ಮತಗಳನ್ನು ಮೂರರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲುವಿನ ಕೋಟಾ. ಸಿಂಧು ಮತ 6,000 ಆದರೆ 2,001 ಸಾಕು. ಹೀಗಾಗಿ ಮೂರರಲ್ಲೊಂದು ಪಾಲು ಗಟ್ಟಿ ಇರುವ ಪಕ್ಷ ಒಬ್ಬರನ್ನೇ ನಿಲ್ಲಿಸಿ ನೆಮ್ಮದಿಯಾಗಿರುತ್ತದೆ. ಇಬ್ಬರನ್ನು ಇಳಿಸಿದರೆ ಮೊದಲ ಪ್ರಾಶಸ್ತ್ಯ ಹಂಚಿಹೋಗಿ, ಇಬ್ಬರೂ ಕೋಟಾಕ್ಕಿಂತ ಕೆಳಗೇ ಉಳಿಯುವ ಭಯ. 2021ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್‌ನ ಸಲೀಂ ಅಹ್ಮದ್, ಬಿಜೆಪಿಯ ಪ್ರದೀಪ ಶೆಟ್ಟರ್ ಒಂದೊಂದು ಸ್ಥಾನ ಗೆದ್ದರು.

ಆದರೆ ಈ ಬಾಗಿಲಲ್ಲಿ ಹೋಗುವವರು ಪಂಚಾಯಿತಿ ಮೆಂಬರ್ ಆಗಿರಲೇಬೇಕೆಂದು ಕಾನೂನು ಹೇಳುವುದಿಲ್ಲ. 30 ವರ್ಷ ತುಂಬಿದ, ರಾಜ್ಯದ ಮತದಾರರ ಪಟ್ಟಿಯಲ್ಲಿರುವ ಯಾರೂ ಸ್ಪರ್ಧಿಸಬಹುದು. ಬಸವರಾಜ ಬೊಮ್ಮಾಯಿ 1998ರಲ್ಲಿ, 2004ರಲ್ಲಿ ಇದೇ ಕ್ಷೇತ್ರದಿಂದ ಪರಿಷತ್ತಿಗೆ ಹೋದರು, 2008ರಲ್ಲಿ ಶಿಗ್ಗಾವಿಯಿಂದ ವಿಧಾನಸಭೆಗೆ, 2021ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ. ಪರಿಷತ್ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮತ ಹಾಕುವ ಸಾವಿರಾರು ಮೆಂಬರ್‌ಗಳಲ್ಲಿ ಒಬ್ಬರಿಗೆ ಆ ಟಿಕೆಟ್ ಸಿಗುವುದು ಮಾತ್ರ ಅಪರೂಪ.

ಹಳ್ಳಿ ಕಡೆಯವರಿಗೆ ನಿಜವಾದ ನಡುಮೆಟ್ಟಿಲು ಜಿಲ್ಲಾ ಪಂಚಾಯಿತಿ. ಸುಮಾರು 40 ಸಾವಿರ ಜನಕ್ಕೊಂದು ಕ್ಷೇತ್ರ, ಹತ್ತಾರು ಹಳ್ಳಿಗಳ ಒಡನಾಟ. ವಿಧಾನಸಭೆಗೆ ನಿಲ್ಲುವವರಿಗೆ ಅದಕ್ಕಿಂತ ಒಳ್ಳೆಯ ತಾಲೀಮಿಲ್ಲ. ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ವಿಂಗಡಣೆಗೆ ಬೇರೆ ಆಯೋಗ ಬಂತು, ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹೇಳಿದ ಮೂರು ಷರತ್ತಿನ ಲೆಕ್ಕ ಬಂತು, ಹೈಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ ಬಂದವು. ಸರ್ಕಾರ ಬದಲಾದರೂ ಚುನಾಯಿತರ ಜಾಗದಲ್ಲಿ ಕುಂತ ಆಡಳಿತಾಧಿಕಾರಿ ಬದಲಾಗಲಿಲ್ಲ. ಕೆಳಗೆ ಪೈಪೋಟಿ ಇಲ್ಲದ್ದು ಮೇಲಿದ್ದವರಿಗೆ ತ್ರಾಸೇನೂ ಕೊಟ್ಟಂತೆ ಕಾಣಲಿಲ್ಲ.

ಇದರ ಬಿಸಿ ಪರಿಷತ್ತಿಗೂ ತಟ್ಟಬಹುದು. ಕ್ಷೇತ್ರದ ಶೇ 75ರಷ್ಟು ಸ್ಥಳೀಯ ಸಂಸ್ಥೆಗಳು ಅಸ್ತಿತ್ವದಲ್ಲಿದ್ದು, ಶೇ 75ರಷ್ಟು ಮತದಾರ ಸದಸ್ಯರು ಇದ್ದರೆ ಮಾತ್ರ ಚುನಾವಣಾ ಆಯೋಗ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಚುನಾವಣೆ ನಡೆಸುತ್ತದೆ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಖಾಲಿ ಇದ್ದರೂ ಮತದಾನ ನಡೆದದ್ದು ಗ್ರಾಮ ಪಂಚಾಯಿತಿಗಳು ತುಂಬಿದ್ದರಿಂದ. ಆಗ ಗೆದ್ದವರ ಅವಧಿ 2028ರ ಜನವರಿಯಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಗ್ರಾಮ ಪಂಚಾಯಿತಿಗಳೂ ಆಡಳಿತಾಧಿಕಾರಿಗಳ ಕೈಯಲ್ಲಿದ್ದರೆ ಎರಡೂ ಸ್ಥಾನ ಖಾಲಿ ಬೀಳುತ್ತವೆ.