ಅದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡುತ್ತೀರಿ?

ಕಚೇರಿಗಳಲ್ಲಿ ಮೇಲ್ ನೋಡಿಕೊಳ್ಳುವವರಿಗೆ ಕೆಲಸ ಕಲಿಸುವುದು ನನ್ನ ಕಸುಬು. ಮೊದಲ ದಿನ ಯಾವ ಬಟನ್ನನ್ನೂ ತೋರಿಸುವುದಿಲ್ಲ. ‘ಸೆಂಟ್’ ಫೋಲ್ಡರ್ ತೆಗೆದು ಕಳೆದ ಎರಡು ವಾರದ ಉತ್ತರಗಳನ್ನು ಓದಿ ಎನ್ನುತ್ತೇನೆ, ಅಷ್ಟೇ. ಅರ್ಧ ಗಂಟೆಯಲ್ಲಿ ನಗು ಶುರುವಾಗುತ್ತದೆ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತನ್ನು ಹತ್ತು ಥರ ಬರೆದಿರುತ್ತಾರೆ. ಒಂದರಲ್ಲಿ ಮರ್ಯಾದೆ ಜಾಸ್ತಿ, ಇನ್ನೊಂದರಲ್ಲಿ ಸಿಡುಕು. ಊಟಕ್ಕೆ ಮುಂಚೆ ಬರೆದದ್ದು ಯಾವುದು, ಆಮೇಲೆ ಬರೆದದ್ದು ಯಾವುದು ಅಂತ ಹೇಳಿಬಿಡಬಹುದು.

ಟೆಂಪ್ಲೇಟ್, ಅಂದರೆ ಒಮ್ಮೆ ಬರೆದಿಟ್ಟು ಮತ್ತೆ ಮತ್ತೆ ಬಳಸುವ ಸಿದ್ಧ ಉತ್ತರ, ಹುಟ್ಟಬೇಕಾದದ್ದು ಅಲ್ಲಿಂದ. ‘ಮುಂದೆ ಬೇಕಾಗಬಹುದು’ ಎಂದು ಸುಮ್ನೆ ಊಹಿಸಿ ಮಾಡಿಟ್ಟವು ಹಾಗೇ ಕೊಳೆಯುತ್ತವೆ. ಮೂರು ಸಲ ಬರೆದಿದ್ದೀರಿ ಎಂದರೆ ನಾಲ್ಕನೆಯದೂ ಬರುತ್ತದೆ. ಅದನ್ನು ಉಳಿಸಿಕೊಳ್ಳಿ.

‘ಹಳೇ ಮೇಲ್ ಹುಡುಕಿ ಕಾಪಿ ಮಾಡಿದರೆ ಆಯಿತಲ್ವಾ?’ ಎಂದು ತುಂಬ ಜನ ಕೇಳುತ್ತಾರೆ. ಆಗುತ್ತದೆ. ಆದರೆ ಅದರ ಜೊತೆ ಹಿಂದಿನವರ ಹೆಸರು, ಅರ್ಜಿ ಸಂಖ್ಯೆ, ಕೆಲವೊಮ್ಮೆ ಫೋನ್ ನಂಬರೂ ಅಂಟಿಕೊಂಡು ಬರುತ್ತದೆ. ಒಬ್ಬರ ವಿವರ ಇನ್ನೊಬ್ಬರ ಕೈಗೆ ಸೇರುವುದು ಹೆಚ್ಚಾಗಿ ಹೀಗೆಯೇ.

ಜಿಮೇಲ್‌ನಲ್ಲಿ ಟೆಂಪ್ಲೇಟ್ ಸೌಲಭ್ಯವನ್ನು ಮೊದಲು ಆನ್ ಮಾಡಬೇಕು. ಗೇರಿನ ಗುರುತು ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ, ‘ಅಡ್ವಾನ್ಸ್ಡ್’ ಟ್ಯಾಬ್‌ನಲ್ಲಿ ‘ಟೆಂಪ್ಲೇಟ್ಸ್’ ಎದುರು ‘ಎನೇಬಲ್’ ಆರಿಸಿ. ಕೆಳಗಿನ ‘ಸೇವ್ ಚೇಂಜಸ್’ ಒತ್ತುವುದನ್ನು ಮರೆಯುವವರೇ ಜಾಸ್ತಿ. ಆಮೇಲೆ ಹೊಸ ಮೇಲ್‌ನಲ್ಲಿ ಉತ್ತರ ಬರೆದು, ಕೆಳಗಿನ ಮೂರು ಚುಕ್ಕಿ ಒತ್ತಿ, ‘ಟೆಂಪ್ಲೇಟ್ಸ್’ ಒಳಗೆ ಅದನ್ನು ಉಳಿಸಿ. ಬೇಕಾದಾಗ ಅದೇ ಜಾಗದಿಂದ ಕರೆದುಕೊಳ್ಳಬಹುದು. ತಿದ್ದಬೇಕಾದರೆ ಪ್ರತ್ಯೇಕ ಪುಟವೇನೂ ಇಲ್ಲ. ಅದನ್ನು ತೆರೆದು, ತಿದ್ದಿ, ಹಳೆಯದರ ಮೇಲೆಯೇ ಮತ್ತೆ ಉಳಿಸಬೇಕು. ಒಟ್ಟು 50 ಇಟ್ಟುಕೊಳ್ಳಬಹುದು. ನನ್ನ ಕೇಳಿದರೆ 15 ದಾಟಿದ ಮೇಲೆ ಹುಡುಕುವುದೇ ಒಂದು ಕೆಲಸ. ಇನ್ನೊಂದು ಮಾತು: ಉಳಿಸುವ ಮುಂಚೆ ನಿಮ್ಮ ಸಹಿಯನ್ನು ಅಳಿಸಿ. ಇಲ್ಲದಿದ್ದರೆ ಉತ್ತರದಲ್ಲಿ ಎರಡೆರಡು ಸಹಿ ಬರುತ್ತದೆ.

ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ‘ಕ್ವಿಕ್ ಪಾರ್ಟ್ಸ್’ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಬರೆದ ಸಾಲುಗಳನ್ನು ಆರಿಸಿ, ‘ಇನ್ಸರ್ಟ್’ ಮೆನುವಿನಿಂದ ಅಲ್ಲಿಗೆ ಸೇರಿಸಿ ಒಂದು ಹೆಸರು ಕೊಡಬೇಕು. ಮುಂದೆ ಆ ಹೆಸರು ಟೈಪ್ ಮಾಡಿ ಎಫ್3 ಒತ್ತಿದರೆ ಇಡೀ ಭಾಗ ಬಂದು ಕೂರುತ್ತದೆ. ಬ್ರೌಸರ್‌ನ ಔಟ್‌ಲುಕ್‌ನಲ್ಲಿ ‘ಮೈ ಟೆಂಪ್ಲೇಟ್ಸ್’ ಇದೆ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಬರೆದ ಮೇಲನ್ನೇ ‘ಸೇವ್ ಆ್ಯಸ್’ ಮಾಡಿ ಟೆಂಪ್ಲೇಟ್ ಎಂದು ಇಡಬಹುದು.

ಕ್ವಿಕ್ ಪಾರ್ಟ್ಸ್ ನನಗೆ ಹಿಡಿಸಲು ಕಾರಣವಿದೆ. ಅದು ಇಡೀ ಪತ್ರ ಕೊಡುವುದಿಲ್ಲ, ತುಂಡು ಕೊಡುತ್ತದೆ. ಪಾಸ್‌ವರ್ಡ್ ಬದಲಿಸುವ ಹಂತಗಳು, ಬೇಕಾದ ದಾಖಲೆಗಳ ಪಟ್ಟಿ, ಫೈಲ್ ಕಳಿಸುವ ಕ್ರಮ: ಇವು ಯಾರಿಗೆ ಹೇಳಿದರೂ ಅವೇ. ಆದರೆ ‘ಮೂರು ದಿನದಿಂದ ಒದ್ದಾಡುತ್ತಿದ್ದೇನೆ’ ಎಂದು ಬರೆದವರಿಗೆ ಮೊದಲ ಸಾಲು ಬೇರೆಯೇ ಇರಬೇಕು. ಅದನ್ನು ಕೈಯಾರೆ ಬರೆಯಿರಿ. ನಡುವಿನ ಭಾಗವನ್ನಷ್ಟೇ ಟೆಂಪ್ಲೇಟಿಗೆ ಬಿಡಿ.

ಕನ್ನಡದಲ್ಲಿ ಉತ್ತರಿಸುವವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ‘ನೀವು ಡ್ಯಾಶ್ ಗೆ ಬನ್ನಿ’ ಎಂದು ಖಾಲಿ ಬಿಟ್ಟರೆ ‘ಕಚೇರಿಗೆ’ ಸರಿಹೋಗುತ್ತದೆ, ‘ಕೇಂದ್ರಗೆ’ ಆಗುವುದಿಲ್ಲ. ಹಾಗಾಗಿ ಖಾಲಿ ಜಾಗವನ್ನು ವಾಕ್ಯದ ನಡುವೆ ಇಡಬೇಡಿ. ‘ಬರಬೇಕಾದ ಸ್ಥಳ:’, ‘ಕೊನೆಯ ದಿನ:’ ಎಂದು ಬರೆದು ಮುಂದೆ ಜಾಗ ಬಿಡಿ. ಹೆಸರಿನ ನಂತರ ‘ಅವರಿಗೆ’, ‘ಅವರ’ ಎಂದು ಬಿಡಿಯಾಗಿ ಬರೆದರೆ ಯಾವ ಹೆಸರಾದರೂ ಕೂರುತ್ತದೆ. ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಬರುವುದಿಲ್ಲ.

ಖಾಲಿ ಜಾಗಕ್ಕೆ ಕಣ್ಣಿಗೆ ಹೊಡೆಯುವ ಗುರುತು ಹಾಕಿ. ನಾನು ಮೂರು ಹ್ಯಾಶ್ ಹಾಕಿ ಹಳದಿ ಬಣ್ಣ ಬಳಿಯುತ್ತೇನೆ. ಜಿಮೇಲ್‌ನಲ್ಲಿ ‘ಅನ್‌ಡೂ ಸೆಂಡ್’ (ಕಳಿಸಿದ ಮೇಲನ್ನು ತಡೆಯುವ) ಸಮಯವನ್ನು 30 ಸೆಕೆಂಡಿಗೆ ಏರಿಸಿಕೊಂಡಿದ್ದೇನೆ. ಜಿಮೇಲ್ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ.

ಇಷ್ಟು ಹುಷಾರಾಗಿದ್ದೂ ನಾನು ಬಿದ್ದದ್ದು ಬೇರೆ ಹಳ್ಳಕ್ಕೆ. ಒಮ್ಮೆ ಅವಸರದಲ್ಲಿ ‘ಬರುವ ಶುಕ್ರವಾರದೊಳಗೆ ತಿಳಿಸುತ್ತೇವೆ’ ಎಂಬ ಸಾಲನ್ನು ಟೆಂಪ್ಲೇಟಿನೊಳಗೇ ಉಳಿಸಿಬಿಟ್ಟೆ. ಅಲ್ಲಿ ತುಂಬಬೇಕಾದ ಖಾಲಿ ಜಾಗ ಇರಲಿಲ್ಲ, ಹಳದಿಯೂ ಇರಲಿಲ್ಲ. ವಾರಗಟ್ಟಲೆ ನಾನು ಎಲ್ಲರಿಗೂ ಶುಕ್ರವಾರದ ಮಾತು ಕೊಡುತ್ತಲೇ ಹೋದೆ. ಕೊನೆಗೆ ಒಬ್ಬರು ಒಂದೇ ಸಾಲಿನ ಮೇಲ್ ಹಾಕಿದರು: ‘ಯಾವ ಶುಕ್ರವಾರ, ಸ್ವಾಮಿ?’ ಅಂದಿನಿಂದ ದಿನ, ಮೊತ್ತ, ಲಿಂಕ್, ಹುದ್ದೆಯ ಹೆಸರು, ಇವು ಯಾವುದನ್ನೂ ಟೆಂಪ್ಲೇಟಿನಲ್ಲಿ ಖಾಯಂ ಮಾಡುವುದಿಲ್ಲ. ಮಾಡಲೇಬೇಕಾದರೆ ಟೆಂಪ್ಲೇಟಿನ ಹೆಸರಿನಲ್ಲೇ ಕೊನೆಗೆ ನೋಡಿದ ತಿಂಗಳನ್ನು ಸೇರಿಸುತ್ತೇನೆ. ಪಟ್ಟಿ ತೆರೆದಾಗಲೇ ಹಳೆಯದು ಗೊತ್ತಾಗುತ್ತದೆ.

ಜಿಮೇಲ್ ಮತ್ತು ಥಂಡರ್‌ಬರ್ಡ್‌ನಲ್ಲಿ ಫಿಲ್ಟರ್ (ಇಂಥ ಮೇಲ್ ಬಂದರೆ ಹೀಗೆ ಮಾಡು ಎಂಬ ನಿಯಮ) ಹಾಕಿ ಟೆಂಪ್ಲೇಟನ್ನು ತಾನಾಗಿಯೇ ಹೋಗುವಂತೆಯೂ ಮಾಡಬಹುದು. ‘ನಿಮ್ಮ ಮೇಲ್ ತಲುಪಿದೆ’ ಎಂಬುದಕ್ಕೆ ಸಾಕು. ಅದಕ್ಕಿಂತ ಮುಂದೆ ಹೋಗಬೇಡಿ. ವಿಷಯದಲ್ಲಿ ‘ದೂರು’ ಎಂಬ ಪದ ಇತ್ತು ಅಂತ ಫಿಲ್ಟರ್ ಏನೋ ಹಿಡಿಯುತ್ತದೆ. ಒಳಗೆ ‘ದೂರು ವಾಪಸ್ ತಗೊಳ್ತಿದ್ದೇನೆ, ಥ್ಯಾಂಕ್ಸ್’ ಎಂದಿರಬಹುದು.