ಮಗ ಒತ್ತಿದ್ದನ್ನು ಕಳ್ಳನ ತಲೆಗೆ ಕಟ್ಟಬೇಡಿ

ಮೊಬೈಲ್ ಆಟದಲ್ಲಿ ಹಣ ಹೋಯಿತು ಎಂದು ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ನನ್ನ ಬಳಿ ಬರುವಷ್ಟರಲ್ಲಿ ಒಂದು ಕೆಲಸ ಮುಗಿಸಿಕೊಂಡೇ ಬಂದಿರುತ್ತಾರೆ. ‘ಅಪರಿಚಿತ ವ್ಯಕ್ತಿಗಳು ನಮ್ಮ ಖಾತೆಯಿಂದ ಹಣ ಕದ್ದಿದ್ದಾರೆ’ ಎಂದು ಬ್ಯಾಂಕಿಗೆ ಅರ್ಜಿ ಕೊಟ್ಟಿರುತ್ತಾರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅದನ್ನೇ ಬರೆಸಿರುತ್ತಾರೆ. ಕದ್ದವರು ಯಾರೂ ಇಲ್ಲ, ಹುಡುಗನೇ ಆಟದೊಳಗೆ ನಾಣ್ಯದಂತೆ ಬಳಸುವ ‘ವಜ್ರ’ ಕೊಂಡಿದ್ದಾನೆ ಎಂಬುದು ಅವರಿಗೂ ಗೊತ್ತು, ತಲೆ ತಗ್ಗಿಸಿ ಪಕ್ಕದಲ್ಲಿ ಕೂತ ಹುಡುಗನಿಗೂ ಗೊತ್ತು. ಕಲಬುರಗಿಯಲ್ಲಿ ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ನಾನು ಇದನ್ನು ಎಷ್ಟು ಬಿಡಿಸಿ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದೇ ಕಾಗದ ಹಿಡಿದು ಮೆಟ್ಟಿಲು ಹತ್ತುತ್ತಾರೆ.

ಏಕೆ ಹೀಗೆ ಮಾಡುತ್ತಾರೆಂಬುದು ಅರ್ಥವಾಗದ ವಿಷಯವೇನಲ್ಲ. ಬ್ಯಾಂಕಿನ ಕೌಂಟರ್ ಮುಂದೆ ಊರಿನವರೇ ನಿಂತಿರುತ್ತಾರೆ. ಅವರೆದುರು ‘ನನ್ನ ಮಗ ಹೀಗೆ ಮಾಡಿದ’ ಎನ್ನಲು ಬಾಯಿ ಬರುವುದಿಲ್ಲ. ಕಳವು ಎಂದು ಬರೆದರೆ ಬ್ಯಾಂಕೇ ತುಂಬಿಕೊಡುತ್ತದೆ ಎಂದು ಯಾರೋ ಹೇಳಿಯೂ ಇರುತ್ತಾರೆ.

ಆಳಂದ ಕಡೆಯ ರೈತರೊಬ್ಬರು ತೊಗರಿ ಮಾರಿದ ಹಣ ಖಾತೆಗೆ ಬಿದ್ದ ಮೇಲೆ ಹೀಗೆಯೇ ಬಂದಿದ್ದರು. ಪಾಸ್‌ಬುಕ್ಕಿನಲ್ಲಿ 80, 80, 160, 400 ಎಂದು ಸಣ್ಣ ಸಣ್ಣ ಸಾಲುಗಳು, ನಡುವೆ ಅಲ್ಲೊಂದು ಇಲ್ಲೊಂದು ಗೊಬ್ಬರದ ಅಂಗಡಿಯ ದೊಡ್ಡ ಮೊತ್ತ. ಸಣ್ಣ ಸಾಲುಗಳನ್ನು ಕೂಡಿಸಿದರೆ ಹದಿನೆಂಟು ಸಾವಿರ ರೂಪಾಯಿ ದಾಟಿತ್ತು. ‘ಯಾರೋ ಹ್ಯಾಕ್ ಮಾಡಿದ್ದಾರೆ ಸಾಹೇಬರೇ’ ಎಂದರು. ಪಿನ್ ಯಾರಿಗೆ ಗೊತ್ತು ಎಂದು ಕೇಳಿದೆ. ‘ನನಗೆ ಓದಲು ಬರುವುದಿಲ್ಲರೀ, ಹುಡುಗನೇ ಹಾಕುತ್ತಾನೆ’ ಎಂದರು. ಪಿನ್ ಇಟ್ಟುಕೊಟ್ಟವನು, ಬ್ಯಾಂಕಿನ ಸಂದೇಶ ಓದಿ ಹೇಳುವವನು, ಗೊಬ್ಬರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಹಣ ಕೊಡುವವನು ಎಲ್ಲ ಒಂಬತ್ತನೆಯ ತರಗತಿಯ ಆ ಹುಡುಗನೇ. ಮನೆಯ ಲೇವಾದೇವಿಯನ್ನೆಲ್ಲ ನಿಭಾಯಿಸುತ್ತಿದ್ದ ಆ ಮಗುವಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಪ್ಪ ಬರೆಸಿದ್ದ ದೂರಿನ ಮೇಲೆ ಬಂತು.

ಈಗ ನಾನು ಪದೇ ಪದೇ ಹೇಳುವ ಮಾತಿಗೆ ಬರುತ್ತೇನೆ. ಹಣ ವಾಪಸ್ ಕೇಳಲು ಎರಡು ದಾರಿಗಳಿವೆ. ಅಪರಿಚಿತರು ಮಾಡಿದ್ದಕ್ಕೆ ಒಂದು, ಮನೆಯವರು ನಿಮಗೆ ಹೇಳದೆ ಮಾಡಿದ್ದಕ್ಕೆ ಇನ್ನೊಂದು. ಆಂಡ್ರಾಯ್ಡ್ ಫೋನಿನ ಆಪ್ ಅಂಗಡಿಯಾದ ಗೂಗಲ್ ಪ್ಲೇ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಗುರುತಿಲ್ಲದವರು ನಡೆಸಿದ ವ್ಯವಹಾರವಾದರೆ 120 ದಿನಗಳೊಳಗೆ ತಿಳಿಸಬೇಕು. ಮಕ್ಕಳು ಗೊತ್ತಿಲ್ಲದೆ ಕೊಂಡಿದ್ದರೆ ಹಾಗೆಂದೇ ಹೇಳಿ ಮರುಪಾವತಿ ಕೇಳಬೇಕು. ಖರೀದಿಯಾಗಿ 48 ಗಂಟೆಗಳೊಳಗಿದ್ದರೆ ನೇರವಾಗಿ ಅಲ್ಲೇ ಕೇಳಬಹುದು, ಆಮೇಲಾದರೆ ಸಾಮಾನ್ಯವಾಗಿ ಆಟ ತಯಾರಿಸಿದ ಕಂಪನಿಯ ಬಳಿಗೆ ಹೋಗಿ ಎನ್ನುತ್ತಾರೆ. ಆಪಲ್ ಫೋನಿನಲ್ಲೂ ಮರುಪಾವತಿ ಕೇಳುವಾಗ ಕಾರಣ ಆರಿಸಬೇಕಾಗುತ್ತದೆ. ನೀವು ಕಳವಿನ ಕಥೆ ಹಿಡಿದು ಠಾಣೆಗೂ ಬ್ಯಾಂಕಿಗೂ ಅಲೆಯುವಷ್ಟರಲ್ಲಿ ಆ 48 ಗಂಟೆ ಕಳೆದುಹೋಗಿರುತ್ತದೆ.

ಬ್ಯಾಂಕಿನಲ್ಲಿ ಏನಾಗುತ್ತದೆ? ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಹೊರಗಿನವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ. ಎಲ್ಲರೂ ನೆಚ್ಚಿಕೊಳ್ಳುವುದು ಇದನ್ನೇ. ಆದರೆ ಗ್ರಾಹಕರೇ ಗುಪ್ತ ಸಂಖ್ಯೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದೂ ಅದೇ ಸುತ್ತೋಲೆ ಹೇಳುತ್ತದೆ. ನಿಮ್ಮದೇ ಫೋನು, ನಿಮ್ಮದೇ ಪಿನ್, ಹಣ ಹೋದದ್ದು ಅದೇ ಫೋನಿನಲ್ಲಿರುವ ಆಟಕ್ಕೆ. ಬ್ಯಾಂಕಿನವರು ಎರಡು ಸಾಲಿನ ಉತ್ತರ ಬರೆದು ಕಡತ ಮುಚ್ಚುತ್ತಾರೆ. ಮುಂದೆ ನಾನು ಗ್ರಾಹಕ ಆಯೋಗದ ಮುಂದೆ ಏನೇ ವಾದಿಸಲಿ, ಎದುರು ವಕೀಲರು ನಿಮ್ಮ ಮೊದಲ ದೂರನ್ನು ಓದಿ ‘ಇವರು ಸುಳ್ಳು ಹೇಳಿದ್ದಾರೆ’ ಎನ್ನುತ್ತಾರೆ. ಗೊತ್ತಿದ್ದೂ ಪೊಲೀಸರಿಗೆ ಸುಳ್ಳು ಮಾಹಿತಿ ಕೊಡುವುದು ಸಂದರ್ಭಕ್ಕೆ ತಕ್ಕಂತೆ ಅಪರಾಧವೂ ಆಗಬಹುದು.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ತರುತ್ತಾರೆ. ಹದಿನೆಂಟು ತುಂಬದವರ ಒಪ್ಪಂದ ಅಸಿಂಧು, ಆದ್ದರಿಂದ ಹಣ ತಾನಾಗಿಯೇ ವಾಪಸ್ ಬರಬೇಕು ಎನ್ನುತ್ತಾರೆ. 1872ರ ಒಪ್ಪಂದ ಕಾಯ್ದೆಯ 11ನೇ ಕಲಮು, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್‌ನ 1903ರ ತೀರ್ಪು ಎರಡೂ ಇರುವುದು ನಿಜ. ಆದರೆ ಆಪ್ ಅಂಗಡಿಯ ಖಾತೆ ತಂದೆಯ ಹೆಸರಿನಲ್ಲಿದೆ, ಷರತ್ತುಗಳಿಗೆ ಒಪ್ಪಿದ್ದು ಅದೇ ಖಾತೆ. ಕೊಂಡವನು ತಂದೆಯೇ ಎಂದು ಕಂಪನಿ ವಾದಿಸುತ್ತದೆ. ಇದಕ್ಕೆ ಉತ್ತರವೇ ಇಲ್ಲ ಎಂದಲ್ಲ. ಆದರೆ ಆ ಉತ್ತರ ಕೊಡಬೇಕಾದರೆ ‘ಒತ್ತಿದ್ದು ಮಗು, ನನ್ನ ಒಪ್ಪಿಗೆ ಇರಲಿಲ್ಲ’ ಎಂದು ಮೊದಲ ದಿನವೇ ನೀವು ಬರೆದಿರಬೇಕು. ಕಳ್ಳ ಒತ್ತಿದ ಎಂದು ಬರೆದವರಿಗೆ ಈ ವಾದವನ್ನು ಎತ್ತಿಕೊಳ್ಳಲು ಬಾಯಿಯೇ ಇರುವುದಿಲ್ಲ.

ಇನ್ನು ನ್ಯಾಯ ಅನ್ಯಾಯದ ಮಾತು. ನಾಚಿಕೆಪಡಬೇಕಾದವರು ನೀವಲ್ಲ ಎಂದು ನಾನು ಹೇಳುವುದು ಸಮಾಧಾನಕ್ಕಲ್ಲ. ಆಳಂದದ ಆ ಹುಡುಗನಿಗೆ ಆಟ ತೆರೆದು ತೋರಿಸು ಎಂದೆ. ಬಂದೂಕಿನ ಬಣ್ಣ ಬದಲಿಸುವ ಒಂದು ಚಕ್ರ. ಪ್ರತಿ ಸಲ ತಿರುಗಿಸಿದಾಗಲೂ ಮುಂದಿನ ಸುತ್ತಿನ ಬೆಲೆ ಏರುತ್ತದೆ. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿದೆ. ಕೊಳ್ಳುವ ಗುಂಡಿ ಹೆಬ್ಬೆರಳಿನಷ್ಟು ದೊಡ್ಡದು, ಮುಚ್ಚುವ ಗುರುತು ಬೂದು ಬಣ್ಣದಲ್ಲಿ ಎಳ್ಳಿನಷ್ಟು. ಬೇಕಾದ ವಸ್ತುವಿಗೆ ಬೇಕಾದಷ್ಟೇ ವಜ್ರ ಸಿಗುವುದಿಲ್ಲ. ಒಂದು ಕಟ್ಟು ಕೊಂಡರೆ ಸ್ವಲ್ಪ ಕಡಿಮೆ, ಎರಡು ಕೊಂಡರೆ ಉಳಿಕೆ, ಆ ಉಳಿಕೆ ಮತ್ತೊಂದು ಖರೀದಿಗೆ ಎಳೆಯುತ್ತದೆ. ಏನು ಸಿಗುತ್ತದೆಂದು ತಿಳಿಯದೆಯೇ ಹಣ ಕೊಡುವ ಇಂಥ ಚಕ್ರ, ಅದೃಷ್ಟದ ಪೆಟ್ಟಿಗೆಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂದು ಮೊದಲೇ ತಿಳಿಸಬೇಕೆಂಬ ನಿಯಮ ಆಪಲ್‌ನಲ್ಲಿ 2017ರಿಂದ, ಗೂಗಲ್‌ನಲ್ಲಿ 2019ರಿಂದ ಇದೆ. ಹುಡುಗ ಅದನ್ನು ಹುಡುಕಿ ತೋರಿಸಿದ, ಮೂರು ಪರದೆಗಳ ಹಿಂದೆ ಇತ್ತು. ಓದಿದ್ದೆಯಾ ಎಂದೆ. ಇಲ್ಲ ಎಂದ.

ಶರಣಬಸವೇಶ್ವರ ಜಾತ್ರೆಯಲ್ಲಿ ನಾವೂ ಬಳೆ ಎಸೆಯುವ ಆಟಕ್ಕೆ ದುಡ್ಡು ಸುರಿಯಲಿಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಸುರಿದಿದ್ದೇವೆ. ಅಲ್ಲಿ ಗುರಿ ಕಣ್ಣೆದುರಿಗಿತ್ತು, ನಾಣ್ಯ ಕೈಬಿಟ್ಟು ಹೋಗುವುದು ಕಾಣುತ್ತಿತ್ತು, ಜೇಬು ಖಾಲಿಯಾದರೆ ಮನೆಗೆ ನಡೆಯುತ್ತಿದ್ದೆವು. ಇಲ್ಲಿ ಹುಡುಗನ ಬೆರಳಿನ ಕೆಳಗೆ ಅಪ್ಪನ ವರ್ಷದ ಬೆಳೆಯೇ ಇದೆ, ಅದು ಅವನಿಗೆ ಹಣವಾಗಿ ಕಾಣುವುದಿಲ್ಲ.

ಇದನ್ನು ಅನ್ಯಾಯವೆಂದು ಕರೆದವರಲ್ಲಿ ನಾನು ಮೊದಲಿಗನಲ್ಲ. ಒಮ್ಮೆ ಪಾಸ್‌ವರ್ಡ್ ಹಾಕಿದ ಮೇಲೆ ಹದಿನೈದು ನಿಮಿಷ ಮಕ್ಕಳು ಎಷ್ಟು ಬೇಕಾದರೂ ಕೊಳ್ಳಬಹುದಾಗಿತ್ತು, ಇದನ್ನು ಪೋಷಕರಿಗೆ ತಿಳಿಸಿರಲಿಲ್ಲ ಎಂಬ ದೂರಿನಲ್ಲಿ ಆಪಲ್ 2014ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು ಕನಿಷ್ಠ 3.25 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ಮೋಸದ ವಿನ್ಯಾಸದಿಂದ ಖರೀದಿ ಮಾಡಿಸಿದ ಆರೋಪದಲ್ಲಿ ಫೋರ್ಟ್‌ನೈಟ್ ಆಟದ ಕಂಪನಿ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2022ರಲ್ಲಿ. ಆ ಪೋಷಕರು ಹೇಳಿದ್ದು ‘ನಮ್ಮ ಮಕ್ಕಳು ಒತ್ತಿದರು’ ಎಂದೇ.

ನಮ್ಮಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯಡಿ 2023ರ ನವೆಂಬರ್ 30ರಂದು ಹೊರಬಂದ ಮಾರ್ಗಸೂಚಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದು, ಪರದೆಯ ರಚನೆಯಿಂದಲೇ ದಾರಿ ತಪ್ಪಿಸುವುದು, ಪದೇ ಪದೇ ಪೀಡಿಸುವುದು ಅದರಲ್ಲಿವೆ. ಆಟದ ಪ್ರತಿಯೊಂದು ಗಡಿಯಾರವೂ ಇದರೊಳಗೆ ಬರುತ್ತದೆಂದು ನಾನು ಭರವಸೆ ಕೊಡಲಾರೆ, ಆಯಾ ಪ್ರಕರಣದ ಸಾಕ್ಷ್ಯ ನೋಡಬೇಕು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ನೆಚ್ಚಿಕೊಂಡು ಬರುವವರಿಗೂ ಒಂದು ಮಾತು. ಅದು ನಿಷೇಧಿಸಿರುವುದು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟಗಳನ್ನು. ಮತ್ತೆ ನಗದಾಗದ ವಜ್ರ, ಉಡುಪುಗಳ ಮಾರಾಟ ಅದರ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ.

ಆಳಂದದ ರೈತರ ಪರವಾಗಿ ಹೊಸದಾಗಿ, ನಡೆದದ್ದನ್ನು ನಡೆದಂತೆ ಬರೆದೆವು. ಕೊನೆಯ ಎರಡು ದಿನಗಳ ಖರೀದಿಯ ಹಣ ಬಂತು. ಹಳೆಯದಕ್ಕೆ ಆಟದ ಕಂಪನಿ ಒಪ್ಪಲಿಲ್ಲ. ಮೊದಲೇ ಬಂದಿದ್ದರೆ ಎಲ್ಲವೂ ಸಿಗುತ್ತಿತ್ತೆಂದು ಹೇಳಲಾರೆ, ಇನ್ನಷ್ಟು ಸಿಗುವ ಅವಕಾಶವಂತೂ ಇತ್ತು.

ನಿಮ್ಮ ಮನೆಯಲ್ಲೂ ಹೀಗಾದರೆ ಅಂದೇ ರಾತ್ರಿ ಆಪ್ ಅಂಗಡಿಯ ಖರೀದಿ ಇತಿಹಾಸವನ್ನು ತೆರೆದು ಚಿತ್ರ ತೆಗೆದುಕೊಳ್ಳಿ, ಮಗು ಕೊಂಡದ್ದೆಂದು ಬರೆದೇ ಮರುಪಾವತಿ ಕೇಳಿ, ಪಿನ್ ಬದಲಿಸಿ, ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಆಟವನ್ನು ಅಳಿಸಬೇಡಿ, ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ. ಆಟದೊಳಗಿನ ಗುರುತು ಸಂಖ್ಯೆ ನಮಗೆ ಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಎರಡು ವರ್ಷಗಳೊಳಗೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಐದು ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ನನ್ನ ಬಳಿ ಬರುವುದಾದರೆ ಪಾಸ್‌ಬುಕ್, ಫೋನು ತನ್ನಿ. ಹುಡುಗನನ್ನೂ ಕರೆದುಕೊಂಡು ಬನ್ನಿ, ಹೊಡೆಯದೆ. ಯಾವ ದಿನ ಏನು ಕೊಂಡ ಎಂದು ಸರಿಯಾಗಿ ಹೇಳಬಲ್ಲವನು ಅವನೊಬ್ಬನೇ.